ಹಸಿವಿನ ಗೆರೆ

ಒಳ್ಳೆಯ ಸುದ್ದಿ ಬಂದರೆ ನನಗೆ ಮೊದಲು ಆಗುವುದು ದಿಗಿಲು. ಆ ವರ್ಷ ಬೇಟೆಯ ಕಾಲ ಶುರುವಾಗಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಲಕೋಟೆಗಳಲ್ಲಿ ಬಂದ ಗೌಜಲಹಕ್ಕಿಯ ರೆಕ್ಕೆಗಳಲ್ಲಿ ಮುಕ್ಕಾಲು ಪಾಲು ಮರಿಗಳದ್ದು ಎಂದು ತಿಳಿದಾಗ ಕೇಂದ್ರದಲ್ಲಿ ಎಲ್ಲರೂ ಒಬ್ಬರ ಬೆನ್ನು ಒಬ್ಬರು ತಟ್ಟಿದರು. ನಾನು ಫ್ರೀಜರಿನ ಬಾಗಿಲು ತೆರೆದು ಅದೇ ಲಕೋಟೆಗಳನ್ನು ಮತ್ತೆ ಹೊರಗೆ ತೆಗೆದೆ.

ನಮ್ಮದು ಬೇಟೆಹಕ್ಕಿಗಳ ಅಧ್ಯಯನ ಕೇಂದ್ರ. ಊರಾಚೆಯ ಹುಲ್ಲುಬಯಲಿನಲ್ಲಿ ಚಳಿಗಾಲದ ಕೆಲವು ವಾರ ಗೌಜಲ ಹೊಡೆಯಲು ಬೇಟೆಗಾರರ ಕ್ಲಬ್ಬಿಗೆ ಅನುಮತಿ ಇದೆ. ಹೊಡೆದ ಪ್ರತಿ ಹಕ್ಕಿಯ ಬಲರೆಕ್ಕೆಯನ್ನು ಕತ್ತರಿಸಿ, ದಪ್ಪ ಕಾಗದದ ಲಕೋಟೆಗೆ ಹಾಕಿ, ಬಯಲಿನ ಯಾವ ಮೂಲೆಯಲ್ಲಿ ಸಿಕ್ಕಿತೆಂದು ಮೇಲೆ ಬರೆದು, ಗೇಟಿನ ಬಳಿಯ ತಗಡಿನ ಪೆಟ್ಟಿಗೆಯಲ್ಲಿ ಬಿಡಬೇಕು. ಎಡರೆಕ್ಕೆ ಬೇಡ, ಎರಡನ್ನೂ ತೆಗೆದುಕೊಂಡರೆ ಒಂದೇ ಹಕ್ಕಿ ಎರಡು ಸಲ ಲೆಕ್ಕಕ್ಕೆ ಬಂದುಬಿಡುತ್ತದೆ. ರೆಕ್ಕೆಯ ತುದಿಯ ಎರಡು ಗರಿಗಳು ಚೂಪಾಗಿ, ಮಾಸಲಾಗಿದ್ದರೆ ಅದು ಆ ವರ್ಷ ಹುಟ್ಟಿದ ಮರಿ. ಗುಂಡಗಿದ್ದರೆ ಹಳೆಯ ಹಕ್ಕಿ. ಮರಿಗಳ ಪಾಲು ಹೆಚ್ಚಿದ್ದರೆ ಬಯಲು ಚೆನ್ನಾಗಿದೆ ಎಂದು ಅರ್ಥ. ಇಳಿದರೆ ಕೋವಿ ಕೆಳಗಿಡಬೇಕು.

ಈ ಪದ್ಧತಿಯನ್ನು ಕಟ್ಟಿದವರು ನನ್ನ ಮಾವ, ನನ್ನ ಗಂಡನ ತಂದೆ. ಅವರು ಕೆಲಸಕ್ಕೆ ಸೇರಿದಾಗ ಬೇಟೆಹಕ್ಕಿಯ ಸಂಶೋಧನೆ ಎಂದರೆ ದುರ್ಬೀನು ಹಿಡಿದು ಪೊದೆ ಸುತ್ತುವುದು, ಸಂಜೆ ಬಂದು ಅಂದಾಜಿನ ಮೇಲೆ ಒಂದು ಸಂಖ್ಯೆ ಬರೆಯುವುದು. ಬೇಟೆಗಾರರು ಸಂಶೋಧಕರನ್ನು ಕಂಡರೆ ಹಲ್ಲು ಕಡಿಯುತ್ತಿದ್ದರು. ಸಂಶೋಧಕರು ಬೇಟೆಗಾರರನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಮಾವ ಒಂದು ಗೋಣಿಚೀಲ ಹಿಡಿದು ಗೇಟಿನಲ್ಲಿ ನಿಂತು, “ಮಾಂಸ ನಿಮಗಿರಲಿ, ಒಂದು ರೆಕ್ಕೆ ನನಗೆ ಕೊಡಿ” ಎಂದು ಕೇಳತೊಡಗಿದರು. ಮೊದಲ ಚಳಿಗಾಲದಲ್ಲಿ ಅವರಿಗೆ ಸಿಕ್ಕ ಹೆಸರು ರೆಕ್ಕೆ ತಿರುಕ. ಬರಬರುತ್ತಾ ಅದೇ ಜನ ರೆಕ್ಕೆ ಡಾಕ್ಟರು ಎನ್ನತೊಡಗಿದರು. ಅವರು ಬರೆದ ಕೈಪಿಡಿಯನ್ನು ಮುಂದಿಟ್ಟುಕೊಂಡು ಈಗ ಎಷ್ಟೋ ದೇಶಗಳಲ್ಲಿ ರೆಕ್ಕೆ ವಿಂಗಡಿಸುತ್ತಾರೆ. ಕಾಲೇಜಿನಲ್ಲಿ ನಾನೂ ಓದಿದ್ದು ಅದನ್ನೇ. ಅವರ ಮಗನ ಪರಿಚಯವಾದದ್ದು ಆಮೇಲೆ. “ನೀನು ಮದುವೆಯಾಗಿದ್ದು ನಮ್ಮಪ್ಪನ ಪುಸ್ತಕಾನ. ನಾನು ಅದರ ಜೊತೆ ಉಚಿತವಾಗಿ ಬಂದೆ” ಎಂದು ನನ್ನ ಗಂಡ ಈಗಲೂ ನೆಂಟರ ಮುಂದೆ ಹೇಳುತ್ತಾನೆ.

ನಿವೃತ್ತರಾಗುವಾಗ ಮಾವ ರೆಕ್ಕೆ ವಿಭಾಗವನ್ನು ನನಗೆ ಬಿಟ್ಟುಕೊಡಲು ಹೇಳಿದ ಕಾರಣ ವಿಚಿತ್ರವಾಗಿತ್ತು. “ಈ ಹುಡುಗಿ ಗ್ಯಾಸ್ ಆರಿಸಿ, ಹೊರಗೆ ಹೋಗಿ, ಮತ್ತೆ ಒಳಗೆ ಬಂದು ನೋಡ್ತಾಳೆ. ಇಂಥೋರೇ ಬೇಕು ಇದಕ್ಕೆ” ಎಂದು ನಿರ್ದೇಶಕರ ಮುಂದೆ ಅಂದಿದ್ದರು. ಹೊಗಳಿದರೋ ಛೇಡಿಸಿದರೋ ಎಂದು ನಾನು ಬಹಳ ದಿನ ಯೋಚಿಸಿದ್ದೆ.

ಈಗ ಆ ಚಳಿಗಾಲ ಏಕೆ ಅಷ್ಟು ಮುಖ್ಯವಾಗಿತ್ತು ಎಂದು ಹೇಳಬೇಕು. ಮೂರು ವರ್ಷ ಒಂದೇ ಸಮನೆ ಮರಿಗಳ ಪಾಲು ತಗ್ಗಿದರೆ ಬೇಟೆಯನ್ನು ನಿಲ್ಲಿಸತಕ್ಕದ್ದು ಎಂಬ ನಿಯಮವನ್ನು ಮಾವನೇ ತಮ್ಮ ನಡುವಯಸ್ಸಿನಲ್ಲಿ ಹಟ ಹಿಡಿದು ಮಾಡಿಸಿದ್ದರು. ಎರಡು ವರ್ಷ ತಗ್ಗಿಯಾಗಿತ್ತು. ಇದು ಮೂರನೆಯದು. ಬೇಟೆ ನಿಂತರೆ ಕ್ಲಬ್ಬು ಬಯಲಿನ ಗುತ್ತಿಗೆಯನ್ನು ಬಿಡುತ್ತದೆ. ಕ್ಲಬ್ಬು ಬಿಟ್ಟರೆ ಅಲ್ಲಿ ಗೋದಾಮು ಕಟ್ಟಲು ಒಂದು ಕಂಪನಿ ಆಗಲೇ ಬಾಗಿಲಲ್ಲಿ ಕಾಯುತ್ತಿತ್ತು. ಹಕ್ಕಿಯನ್ನು ಉಳಿಸಲು ಮಾಡಿದ ನಿಯಮವೇ ಹಕ್ಕಿಯ ಬಯಲನ್ನು ನುಂಗಲು ಬಾಯಿ ತೆರೆದಿತ್ತು. ರೆಕ್ಕೆ ವಿಂಗಡಿಸಿ ಕೊನೆಗೆ ಸಹಿ ಹಾಕಬೇಕಾದವಳು ನಾನು.

ಹಾಗಾಗಿ ಮುಕ್ಕಾಲು ಪಾಲು ಮರಿ ಎಂಬ ಸುದ್ದಿಯನ್ನು ಮನೆಗೆ ಒಯ್ದಾಗ ಮಾವ ಕುರ್ಚಿಯಿಂದ ಎದ್ದೇಬಿಡುತ್ತಾರೆ ಎಂದುಕೊಂಡಿದ್ದೆ. ಅವರು ಊಟದ ಮೇಜಿನ ಮುಂದೆ ಪತ್ರಿಕೆ ಹರಡಿಕೊಂಡು ಕೂತಿದ್ದರು.

“ಹೌದಾ? ಸಂತೋಷ ಕಣಮ್ಮ” ಎಂದು ಹಾಳೆ ತಿರುವಿದರು.

ನಾನು ಬಾಗಿಲಲ್ಲೇ ನಿಂತೆ. ಇಷ್ಟು ವರ್ಷಗಳಲ್ಲಿ ಯಾವ ರೆಕ್ಕೆಯ ಮಾತು ಬಂದರೂ ಅವರ ಬಾಯಿಂದ ಮೊದಲು ಹೊರಡುವ ಪ್ರಶ್ನೆ ಒಂದೇ: ಯಾವ ಮೂಲೆ? ಕೆರೆ ಕಡೆಯದೋ, ಕಲ್ಲುಗುಡ್ಡದ್ದೋ, ರಸ್ತೆ ಬದಿಯದೋ? ಆ ದಿನ ಕೇಳಲಿಲ್ಲ. ವಯಸ್ಸಾಯಿತು, ಮರೆವು ಶುರುವಾಯಿತೇನೋ ಎಂದು ನನ್ನ ಗಂಡನಿಗೆ ಹೇಳಿದೆ.

“ಮರೆವಾ? ನಿನ್ನೆ ತಾನೇ ನನ್ನ ಒಂಬತ್ತನೇ ಕ್ಲಾಸಿನ ಗಣಿತದ ಮಾರ್ಕ್ಸ್ ಹೇಳಿ ಮಾನ ಕಳೆದ್ರು” ಎಂದ.

ನನ್ನ ಅನುಮಾನ ಆಗ ಬೇರೆ ಕಡೆ ಇತ್ತು. ಬೇಟೆ ನಡೆಯಲಿ ಎಂದು ಎಲ್ಲರಿಗಿಂತ ಹೆಚ್ಚು ಹಂಬಲಿಸುವವರು ಕ್ಲಬ್ಬಿನ ಕಾರ್ಯದರ್ಶಿ. ಅವರನ್ನು ಎಲ್ಲರೂ ಮೀಸೆ ಸಾಹೇಬರು ಎನ್ನುತ್ತಾರೆ. ಮೀಸೆ ಬೋಳಿಸಿ ಎಷ್ಟೋ ಕಾಲವಾಗಿದೆ, ಹೆಸರು ಮಾತ್ರ ಹೋಗಿಲ್ಲ. ಮರುದಿನ ಗೇಟಿನ ಪೆಟ್ಟಿಗೆಯಿಂದ ಲಕೋಟೆ ತೆಗೆಯಲು ಹೋದಾಗ ಅವರು ತಮ್ಮ ಕಂದು ನಾಯಿಯ ಜೊತೆ ಅಲ್ಲೇ ಇದ್ದರು.

“ಏನ್ ಮೇಡಂ, ಮುಖ ಯಾಕೆ ಹಾಗಿದೆ? ಮರಿ ಜಾಸ್ತಿಯಾದ್ರೂ ಬೇಜಾರಾ?”

“ಎಲ್ಲಿಂದ ಬಂದ್ವು ಅಂತ ಯೋಚನೆ ಮಾಡ್ತಿದ್ದೆ.”

“ಮೊಟ್ಟೆಯಿಂದ” ಎಂದು ತಮ್ಮ ಮಾತಿಗೆ ತಾವೇ ಹೊಟ್ಟೆ ಕುಣಿಸಿ ನಕ್ಕರು.

“ಈ ವರ್ಷ ಹೊರಗಿಂದ ಯಾರಾದ್ರೂ ಹಕ್ಕಿ ತಂದು ಬಿಟ್ಟಿದ್ದಾರಾ ಸಾಹೇಬರೇ?”

ನಗು ನಿಂತಿತು. “ನಿಮ್ಮ ಮಾವನವರ ಮುಖ ನೋಡಿ ಸುಮ್ಮನಿದೀನಿ. ಬೇರೆ ಯಾರಾದ್ರೂ ಹೀಗೆ ಕೇಳಿದ್ರೆ ಕತೆಯೇ ಬೇರೆ ಆಗ್ತಿತ್ತು.”

“ಕೇಳಿದ್ದು ಅಷ್ಟೇ.”

ಅವರು ಬಗ್ಗಿ ನಾಯಿಯ ಪಟ್ಟಿ ಬಿಗಿ ಮಾಡಿದರು. ಅದು ಆಗಲೇ ಬಿಗಿಯಾಗಿತ್ತು. ತಲೆ ಎತ್ತದೆಯೇ ಹೇಳಿದರು: “ಹಕ್ಕಿ ಇದೆ, ಹೊಡೀತೀವಿ. ರೆಕ್ಕೆ ಕೇಳ್ತೀರ, ಕೊಡ್ತೀವಿ. ಅದು ಯಾರ ಮನೆ ಹಕ್ಕಿ ಅಂತ ಕೇಳ್ತಾ ಕೂರೋದು ನಮ್ಮ ಕೆಲಸ ಅಲ್ಲ ಮೇಡಂ.”

ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ. ಬಯಲಿನ ಹಕ್ಕಿಗೆ ಮನೆಯ ಮಾತು ಏಕೆ ಬಂತು?

ಅವರನ್ನು ಹಿಡಿದೇಬಿಡುತ್ತೇನೆ ಎಂಬ ಹುಮ್ಮಸ್ಸಿನಲ್ಲಿ ಮರುದಿನ ಕೇಂದ್ರದ ಉತ್ತರದ ಕಿಟಕಿಯ ಬಳಿ ಮೇಜು ಎಳೆದುಕೊಂಡೆ. ಆ ಕಿಟಕಿಯಲ್ಲಿ ಬಿಸಿಲು ನೇರ ಬೀಳುವುದಿಲ್ಲ, ಬೆಳಕು ಮಾತ್ರ ಬರುತ್ತದೆ. ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿ ಬೆಳಕಿಗೆ ಹಿಡಿದರೆ ಗರಿಯ ಹೆಣಿಗೆಯೆಲ್ಲಾ ಕಾಣುತ್ತದೆ. ಮೊದಲ ಮರಿಯ ರೆಕ್ಕೆ ಹಿಡಿದೆ. ತುದಿಯ ಗರಿಗೆ ಅಡ್ಡಲಾಗಿ ಒಂದು ಮಸುಕು ಗೆರೆ ಇತ್ತು.

ಅದನ್ನು ನಾವು ಹಸಿವಿನ ಗೆರೆ ಎನ್ನುತ್ತೇವೆ. ಗರಿ ಬೆಳೆಯುತ್ತಿರುವಾಗ ಮರಿಗೆ ಆಹಾರ ತಪ್ಪಿದರೆ, ಆ ಹೊತ್ತಿನಲ್ಲಿ ಹೊರಬಂದ ಭಾಗ ತೆಳ್ಳಗಾಗಿ ಗೆರೆ ಉಳಿಯುತ್ತದೆ. ದೊಡ್ಡ ಜ್ವರ ಬಂದುಹೋದ ಮೇಲೆ ಉಗುರಿನಲ್ಲಿ ಅಡ್ಡಗೆರೆ ಮೂಡುವ ಹಾಗೆ. ಬಯಲಿನಲ್ಲಿ ಹುಟ್ಟಿದ ಮರಿಗಳಲ್ಲೂ ಇದು ಸಿಗುತ್ತದೆ. ಆದರೆ ಒಂದೊಂದು ಗೂಡಿನ ಮೊಟ್ಟೆ ಒಂದೊಂದು ಸಮಯಕ್ಕೆ ಒಡೆಯುವುದರಿಂದ, ಒಂದೇ ಬಿರುಗಾಳಿಯ ಗೆರೆ ಒಂದು ಮರಿಯಲ್ಲಿ ಗರಿಯ ತುದಿಗಿದ್ದರೆ ಇನ್ನೊಂದರಲ್ಲಿ ಬುಡಕ್ಕಿರುತ್ತದೆ.

ಕೆರೆ ಕಡೆಯಿಂದ ಬಂದ ಒಂದು ರೆಕ್ಕೆ, ಕಲ್ಲುಗುಡ್ಡದ ಒಂದು, ರಸ್ತೆ ಬದಿಯ ಒಂದು. ಮೂರನ್ನೂ ಪಕ್ಕಪಕ್ಕದಲ್ಲಿ ಬಿಡಿಸಿಟ್ಟೆ. ಗೆರೆ ಒಂದರಿಂದ ಇನ್ನೊಂದಕ್ಕೆ ಸ್ಕೇಲು ಇಟ್ಟು ಎಳೆದ ಹಾಗೆ ಹಾದುಹೋಯಿತು. ಇನ್ನಷ್ಟು ತೆಗೆದೆ. ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಅದೇ ಗೆರೆ. ಈ ಮರಿಗಳೆಲ್ಲ ಒಂದೇ ದಿನ ಮೊಟ್ಟೆಯೊಡೆದವು, ಒಂದೇ ತಟ್ಟೆಯಲ್ಲಿ ತಿಂದವು, ಒಂದೇ ಸಲ ಹಸಿದವು. ಸಾಕಿದ ಹಕ್ಕಿಗಳು, ಬಯಲಿನ ಮೂಲೆ ಮೂಲೆಗೆ ಹೊತ್ತೊಯ್ದು ಬಿಟ್ಟವು. ಬಯಲು ತನ್ನಷ್ಟಕ್ಕೆ ಮರಿ ಮಾಡುತ್ತಿದೆ ಎಂದು ಯಾರೋ ನಮ್ಮ ಕಣ್ಣಿಗೆ ಮಣ್ಣೆರಚಿದ್ದರು.

ಆಗ ನನಗೆ ಖುಷಿಯಾಯಿತು, ಸುಳ್ಳೇಕೆ. ಮೀಸೆ ಸಾಹೇಬರ ಮುಂದೆ ಈ ರೆಕ್ಕೆಗಳನ್ನು ಹರಡುವುದನ್ನು ನೆನೆಸಿಕೊಂಡೆ. ಇನ್ನೂ ಗಟ್ಟಿ ಮಾಡಿಕೊಳ್ಳೋಣ ಎಂದು ಮರಿಗಳು ಹಸಿದದ್ದು ಯಾವಾಗ ಎಂದು ಲೆಕ್ಕ ಹಾಕಿದೆ. ಒಳಗಿನ ಗರಿಗಳಲ್ಲಿ ಎಷ್ಟು ಉದುರಿ ಹೊಸದಾಗಿ ಬಂದಿವೆ ಎಂದು ನೋಡಿ ಮರಿಯ ವಯಸ್ಸು ಹೇಳುವ ಬಗೆ ಮಾವನ ಕೈಪಿಡಿಯಲ್ಲೇ ಇದೆ. ಗರಿ ಬೆಳೆಯುವ ವೇಗವೂ ಇದೆ. ಹಿಂದಕ್ಕೆ ಎಣಿಸುತ್ತಾ ಹೋದೆ. ಮಳೆಗಾಲದ ಕೊನೆಯ ಒಂದು ವಾರಕ್ಕೆ ಬಂದು ನಿಂತೆ.

ಆ ವಾರ ನನಗೆ ಚೆನ್ನಾಗಿ ನೆನಪಿತ್ತು. ಪಕ್ಷಿ ವಿಜ್ಞಾನಿಗಳ ಸಂಘದವರು ಮಾವನ ಜೀವಮಾನದ ಕೆಲಸಕ್ಕಾಗಿ ದೂರದ ನಗರದಲ್ಲಿ ಸನ್ಮಾನ ಇಟ್ಟುಕೊಂಡಿದ್ದರು. ಇಡೀ ಮನೆ ರೈಲು ಹತ್ತಿತ್ತು: ಮಾವ, ಅತ್ತೆ, ನಾವಿಬ್ಬರು, ಅತ್ತೆಯ ತಮ್ಮ ಕೂಡ. ಮಾವನಿಗೆ ಹೋಗಲು ಮನಸ್ಸೇ ಇರಲಿಲ್ಲ. ವೇದಿಕೆಯ ಮೇಲೆ ಕೂತು ಗಡಿಯಾರ ನೋಡುತ್ತಿದ್ದರು. ಎರಡನೆಯ ದಿನ ನಮ್ಮೂರಿನ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ, ಹೊಟ್ಟೆ ಸರಿಯಿಲ್ಲ, ಔಷಧಿ ತರುತ್ತೇನೆ ಎಂದು ಬೇರೆ ಆಟೋ ಹತ್ತಿದವರು ಮನೆಗೆ ಬಂದದ್ದು ಸಂಜೆಗೆ. ಸನ್ಮಾನದ ಫಲಕವನ್ನು ಆ ಆಟೋದಲ್ಲೇ ಬಿಟ್ಟು ಬಂದಿದ್ದರು. ಅತ್ತೆ ಅದಕ್ಕೆ ಒಂದು ಮಾತೂ ಬೈಯಲಿಲ್ಲ. ಛತ್ರಿ ಕಳೆದರೆ ಒಂದು ವಾರ ಬೈಯುವವರು.

ರೆಕ್ಕೆಗಳನ್ನು ಹಾಗೇ ಬಿಟ್ಟು ಹೋಗಿ ಕೈ ತೊಳೆದೆ. ಬಂದು, ಲೆಕ್ಕವನ್ನು ಮತ್ತೆ ಹಾಕಿದೆ. ಅದೇ ವಾರ.

ಆಮೇಲೆ ಒಂದರ ಹಿಂದೆ ಒಂದು ನೆನಪಾಗತೊಡಗಿದವು. ಹಳೆಯ ಕಾಲದ ತಂತಿ ಬಲ್ಬೇ ಬೇಕು ಎಂದು ಮಾವ ಅಂಗಡಿಯವನ ಜೊತೆ ಕಾಲು ಕೆರೆದು ಜಗಳವಾಡಿದ್ದು. ಹೊಸ ಬಲ್ಬು ಬೆಳಕು ಕೊಡುತ್ತದೆ, ಮರಿಗಳಿಗೆ ಬೇಕಾದ ಬಿಸಿ ಕೊಡುವುದಿಲ್ಲ. ಬೇಯಿಸಿದ ಮೊಟ್ಟೆಗಳು, ಎಳೆ ಮರಿಗಳ ಮೊದಲ ತುತ್ತು, ಡಬ್ಬಿಯಲ್ಲಿ ಹೊರಗೆ ಹೋಗುತ್ತಿದ್ದದ್ದು. ತಮ್ಮ ಅಂಗಿಯನ್ನು ತಾವೇ ಒಗೆದುಕೊಳ್ಳುತ್ತಿದ್ದದ್ದು. ಆಗ ನನ್ನ ಗಂಡ, “ಅಪ್ಪ ಎಲ್ಲೋ ಎರಡನೇ ಸಂಸಾರ ಹೂಡಿದ್ದಾರೆ ಕಣೇ, ಮೊಟ್ಟೆ ಅಲ್ಲಿಗೇ ಹೋಗ್ತಿದೆ” ಎಂದು ತಮಾಷೆ ಮಾಡಿದ್ದ. ಅವನಿಗೆ ನಾನು ಈಗ ಏನೂ ಹೇಳಲಿಲ್ಲ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಅತ್ತೆಯ ತಮ್ಮನಿಗೆ ಊರಿನ ಅಂಚಿನಲ್ಲಿ ಸಸಿಗಳ ನರ್ಸರಿ ಇದೆ. ಮನೆಯ ಮಕ್ಕಳೆಲ್ಲ ಅವರನ್ನು ಗುಲಾಬಿ ಮಾಮ ಎನ್ನುತ್ತಾರೆ. ಮಧ್ಯಾಹ್ನ ರಜೆ ಹಾಕಿ ಅಲ್ಲಿಗೆ ಹೋದೆ. ಕುಂಡಗಳಿಗೆ ಮಣ್ಣು ತುಂಬುತ್ತಿದ್ದವರು ನನ್ನನ್ನು ಕಂಡು ಎದ್ದ ರಭಸಕ್ಕೆ ಒಂದು ಕುಂಡ ಉರುಳಿತು.

“ಏನಮ್ಮಾ ಈ ಕಡೆ? ಒಂದು ಫೋನ್ ಮಾಡಬಾರ್ದಾ?”

“ಒಂದು ಗಿಡ ಬೇಕಿತ್ತು ಮಾಮ. ಹಿಂದಿನ ಶೆಡ್ಡಲ್ಲಿ ಒಳ್ಳೆಯವು ಇರ್ತಾವಂತಲ್ಲ?”

“ಯಾರು ಹೇಳಿದ್ದು? ಅಲ್ಲೇನಿಲ್ಲ, ಬರೀ ಗೊಬ್ಬರ. ವಾಸನೆ. ನಿನಗೆ ತಲೆನೋವು ಬರತ್ತೆ.”

ಅಷ್ಟರಲ್ಲಿ ನಾನು ಶೆಡ್ಡಿನ ಬಾಗಿಲಲ್ಲಿದ್ದೆ. ಒಳಗೆ ಗೊಬ್ಬರವಿರಲಿಲ್ಲ. ನೆಲ ತೊಳೆದಿತ್ತು, ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಆದರೆ ಗೋಡೆಯುದ್ದಕ್ಕೂ ನನ್ನ ಮೊಣಕಾಲಿನ ಎತ್ತರಕ್ಕೆ ಬಲ್ಬಿನ ಹೋಲ್ಡರುಗಳು ಸಾಲಾಗಿ ನೇತಾಡುತ್ತಿದ್ದವು.

“ಇಷ್ಟು ಕೆಳಗೆ ಯಾಕೆ ಮಾಮ ಬಲ್ಬು?”

ಗುಲಾಬಿ ಮಾಮ ತಲೆ ಕೆರೆದುಕೊಂಡರು. “ಸಸಿಗಳಿಗೆ ಚಳಿ ಆಗತ್ತಲ್ಲಮ್ಮ, ಪಾಪ.”

ಸುಳ್ಳು ಹೇಳಲು ಬಾರದ ಮನುಷ್ಯ. ಅವರ ಮುಖ ನೋಡಲಾಗದೆ ಒಂದು ಗುಲಾಬಿ ಗಿಡ ಹಿಡಿದುಕೊಂಡು ಹೊರಟೆ.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದರು. ಮಾವ ವಾಕಿಂಗ್ ಹೋಗಿದ್ದರು. ನಾನೂ ಎದುರು ಕೂತು ಒಂದು ಹಿಡಿ ಎತ್ತಿಕೊಂಡೆ.

“ಅತ್ತೆ, ನರ್ಸರಿಗೆ ಹೋಗಿದ್ದೆ.”

“ಗೊತ್ತು. ನೀನು ಗೇಟು ದಾಟೋ ಮೊದಲೇ ಫೋನ್ ಬಂತು.”

“ನಿಮಗೆ ಮೊದಲಿಂದಲೂ ಗೊತ್ತಿತ್ತಾ?”

“ಮೊಟ್ಟೆಗೆ ಕಾವು ಕೊಡೋ ಪೆಟ್ಟಿಗೆಗೆ ನೀರು ಚಿಮುಕಿಸ್ತಿದ್ದೋಳೇ ನಾನು.” ಅವರ ಕೈ ನಿಲ್ಲಲಿಲ್ಲ. “ಆ ಎರಡು ದಿನಕ್ಕೆ ಆಗೋಷ್ಟು ಕಾಳು, ನೀರು ಇಟ್ಟೇ ಹೋಗಿದ್ವಿ. ಯಾವುದೋ ಮರಿ ನೀರಿನ ಬಟ್ಟಲು ಉರುಳಿಸಿತ್ತು. ಕಾಳೆಲ್ಲ ನೆಂದು ಮುಗ್ಗಿತ್ತು. ಪಾಪ, ಬದುಕಿದ್ದೇ ಹೆಚ್ಚು.”

“ಇದು ತಪ್ಪಲ್ವಾ ಅತ್ತೆ? ಅವರದೇ ನಿಯಮ.”

“ನಿಮ್ಮ ನಿಯಮ ನಂಗೇನು ಗೊತ್ತು? ಆ ಮನುಷ್ಯ ಜೀವಮಾನವಿಡೀ ಸತ್ತ ಹಕ್ಕಿ ರೆಕ್ಕೆ ಹಿಡ್ಕೊಂಡು ಕೂತಿದ್ರು. ಜೀವ ಇರೋ ಮರಿ ಕೈಲಿ ಹಿಡ್ಕೊಂಡು ಕೂತಿದ್ದನ್ನ ನಾನು ನೋಡಿದ್ದು ಇದೇ ಮೊದಲು.” ಒಂದು ಸಿಪ್ಪೆಯನ್ನು ಪಟ್ಟನೆ ಮುರಿದರು. “ನೀನು ಸರಿಯಾಗಿ ಲೆಕ್ಕ ಬರೀತೀಯ, ಬಯಲು ಹೋಗತ್ತೆ. ಆಮೇಲೆ ಆ ಹಕ್ಕಿಗಳ ಹತ್ರ ಹೋಗಿ, ಲೆಕ್ಕ ಸರಿ ಇತ್ತು, ಸಮಾಧಾನ ಮಾಡ್ಕೊಳ್ಳಿ ಅಂತೀಯಾ?”

ಆ ಮಾತಿನಿಂದ ರೆಕ್ಕೆಯ ಮೇಲಿನ ಗೆರೆ ಅಳಿಸಿಹೋಗುತ್ತಿರಲಿಲ್ಲ.

“ಮಾವನವರಿಗೆ ಹೇಳ್ತೀರಾ?”

“ನಿಮ್ಮ ಸೊಸೆ ನಿಮ್ಮ ಬೆನ್ನ ಹಿಂದೆ ಪತ್ತೇದಾರಿ ಮಾಡ್ತಿದಾಳೆ ಅಂತ ನಾನ್ಯಾಕೆ ಹೇಳಲಿ? ಹೇಳೋದಿದ್ರೆ ನೀನೇ ಹೇಳು.”

ನಾನು ಹೇಳಲಿಲ್ಲ. ಬೆಳಗಿನ ಟೀ ಕುಡಿಯುವಾಗ ಪ್ರತಿ ಸಲ ತಲೆಯಲ್ಲೇ ಒಂದು ವಾಕ್ಯ ಬರೆದು, ಹೊಡೆದುಹಾಕಿ, ಇನ್ನೊಂದು ಬರೆಯುತ್ತಿದ್ದೆ. ಅಷ್ಟರಲ್ಲಿ ಲೋಟ ಖಾಲಿಯಾಗುತ್ತಿತ್ತು. ಇದರ ನಡುವೆ ಇನ್ನೊಂದು ಅನುಮಾನ ಹುಟ್ಟಿತು. ಇದೇ ಮೊದಲ ಸಲವೋ? ಹಿಂದೆಯೂ ಹೀಗೆ ಮಾಡಿದ್ದರೋ? ಒಂದು ಭಾನುವಾರ ಕೇಂದ್ರಕ್ಕೆ ಹೋಗಿ ಹಳೆಯ ವರ್ಷಗಳ ರೆಕ್ಕೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗೆರೆಗಳು ಇದ್ದವು, ಮೇಲೆ ಕೆಳಗೆ, ಎಲ್ಲೆಂದರಲ್ಲಿ, ಇರಬೇಕಾದ ಹಾಗೆ. ಹಿಂದಿನದೆಲ್ಲ ಸ್ವಚ್ಛವಾಗಿತ್ತು. ಅದನ್ನು ನೋಡಿ ಸಮಾಧಾನವಾಗಬೇಕಿತ್ತು. ನೋಡದೆ ನಂಬಲು ಆಗಲಿಲ್ಲವಲ್ಲ ಎಂಬುದೇ ಉಳಿಯಿತು.

ಪ್ರತಿ ವರ್ಷ ಬೇಟೆಯ ಕಾಲ ಮುಗಿದ ಮೇಲೆ ಕೇಂದ್ರದ ಹಾಲಿನಲ್ಲಿ ರೆಕ್ಕೆಮೇಜು ನಡೆಯುತ್ತದೆ. ಬಂದ ಎಲ್ಲ ರೆಕ್ಕೆಗಳನ್ನೂ ಎಲ್ಲರ ಎದುರು ಕೊನೆಯ ಸಲ ವಿಂಗಡಿಸುವ ದಿನ ಅದು. ಉದ್ದನೆಯ ಮೇಜು, ಎರಡೂ ಬದಿಗೆ ಸಂಶೋಧಕರು, ಕ್ಲಬ್ಬಿನವರು, ಒಬ್ಬ ಪಶುವೈದ್ಯೆ. ತಲೆಯ ಕಡೆ ಮಾವನ ಕುರ್ಚಿ. ಹಿಂದಿನ ದಿನವೇ ಹೊರಗಿಟ್ಟ ರೆಕ್ಕೆಗಳು ಮೆತ್ತಗಾಗಿ ಹಾಲೆಲ್ಲ ಹಸಿ ಗರಿಯ ವಾಸನೆ. ಮರಿಗಳಿಗೆ ನೀಲಿ ತಟ್ಟೆ, ಹಳೆಯ ಹಕ್ಕಿಗೆ ಬಿಳಿ ತಟ್ಟೆ. ಆ ವರ್ಷ ನಾನು ಕೇಂದ್ರದ ಕ್ಯಾಂಟೀನಿನಿಂದ ಒಂದು ಸ್ಟೀಲ್ ತಟ್ಟೆ ತಂದು ಮೂರನೆಯದಾಗಿ ಇಟ್ಟೆ. ಮಾವನ ಕುರ್ಚಿಯ ಎದುರಿಗೆ ಬಯಲಿನ ಮೂರು ಮೂಲೆಯ ಆ ಮೂರು ರೆಕ್ಕೆಗಳನ್ನೂ ಇಟ್ಟೆ.

ಎಲ್ಲರೂ ಸೇರಿದ್ದರು. ಮಾವನ ಸಾಧನೆಯ ಬಗ್ಗೆ ನಿರ್ದೇಶಕರು ಮಾತಾಡಿದರು. ಮೀಸೆ ಸಾಹೇಬರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಮಾವ ಕುರ್ಚಿ ಎಳೆದುಕೊಂಡು ಕೂತವರು ಸ್ಟೀಲ್ ತಟ್ಟೆಯನ್ನು ನೋಡಿದರು.

“ಇದೇನಮ್ಮಾ, ತಿಂಡಿಗಾ?”

ಎಲ್ಲರೂ ನಕ್ಕರು.

“ಎರಡರಲ್ಲೂ ಸೇರದೇ ಇರೋದಕ್ಕೆ ಮಾವ.”

ಅವರು ನನ್ನ ಮುಖ ನೋಡಿದರು. ನಾನು ಅವರ ಕೈ ನೋಡುತ್ತಿದ್ದೆ. ಆ ಕೈ ಮೊದಲ ರೆಕ್ಕೆಯನ್ನು ಎತ್ತಿ, ಬಿಡಿಸಿ, ಬೆಳಕಿಗೆ ಹಿಡಿಯಿತು. ಮಸೂರ ತೆಗೆದರು. ಎರಡನೆಯದನ್ನು ಪಕ್ಕದಲ್ಲಿಟ್ಟರು, ಮೂರನೆಯದನ್ನು. ಗೆರೆ ಕೂಡಿಕೊಂಡಿತು. ಅವರಿಗೆ ಇದು ಗೊತ್ತಿರಲಿಲ್ಲ ಎಂಬುದು ಆ ಕ್ಷಣ ನನಗೆ ಖಚಿತವಾಯಿತು. ಮರಿಗಳು ಹಸಿದದ್ದು ಗೊತ್ತಿತ್ತು. ಹಸಿವು ಗರಿಯ ಮೇಲೆ ಬರುತ್ತದೆ ಎಂಬುದೂ ಗೊತ್ತಿತ್ತು, ಅವರೇ ಬರೆದ ಪುಸ್ತಕದಲ್ಲಿ ಅದಿದೆ. ಆದರೆ ತಮ್ಮ ಮರಿಗಳ ಮೇಲೂ ಬಂದಿರುತ್ತದೆ ಎಂದು ಅವರಿಗೆ ಹೊಳೆದಿರಲಿಲ್ಲ. ಮಸೂರ ಹಿಡಿದು ನೋಡದೆ, ಸಾಕುವವರ ಹಾಗೆ ಸಾಕಿದ್ದರು.

ಅವರು ಮಾತು ಶುರು ಮಾಡಿದಾಗ ಅದು ತರಗತಿಯ ದನಿಯಾಗಿತ್ತು. ಗೆರೆ ಹೇಗೆ ಮೂಡುತ್ತದೆ, ಬಯಲಿನ ಮರಿಯಲ್ಲಿ ಎಲ್ಲಿರಬೇಕು, ಇಲ್ಲಿ ಎಲ್ಲಿದೆ. ಅಷ್ಟು ಚೆನ್ನಾಗಿ ಯಾರೂ ವಿವರಿಸಲಾರರು. ಎಲ್ಲರೂ ಕುತ್ತಿಗೆ ಚಾಚಿ ನೋಡಿದರು.

“ಅಂದ್ರೆ ಇವು ಬಯಲಿನವಲ್ಲ. ಯಾರೋ ಸಾಕಿ ಬಿಟ್ಟಿದ್ದಾರೆ?” ನಿರ್ದೇಶಕರು ಕೇಳಿದರು.

“ಹೌದು” ಎಂದರು ಮಾವ.

ಮೇಜಿನ ಸುತ್ತ ಇದ್ದ ತಲೆಗಳೆಲ್ಲ ನಿಧಾನವಾಗಿ ಒಂದೇ ಕಡೆ ತಿರುಗಿದವು.

“ನನ್ನ ಕಡೆ ಯಾಕೆ ನೋಡ್ತೀರಿ?” ಮೀಸೆ ಸಾಹೇಬರ ಮುಖ ಕೆಂಪಾಯಿತು. “ನನ್ನ ಹತ್ರ ಇರೋದು ಒಂದು ನಾಯಿ, ಒಂದು ಕೋವಿ. ಕೋಳಿಗೂಡು ಇಲ್ಲ ನನ್ನ ಹತ್ರ!”

“ಬೇಟೆ ನಿಂತ್ರೆ ನಷ್ಟ ಯಾರಿಗೆ ಸಾಹೇಬರೇ?” ನಿರ್ದೇಶಕರ ದನಿ ಮೃದುವಾಗಿತ್ತು, ಅದಕ್ಕೇ ಇನ್ನೂ ಚುಚ್ಚಿತು.

ಮಾವ ಮಸೂರ ಒರೆಸುತ್ತಿದ್ದರು. ಒಂದು ಬದಿ ಒರೆಸಿದರು, ತಿರುಗಿಸಿ ಇನ್ನೊಂದು ಬದಿ ಒರೆಸಿದರು. ನಾನು ಕಾದೆ. ಮೀಸೆ ಸಾಹೇಬರು ಮತ್ತೆ ಏನೋ ಹೇಳಿದರು, ನಿರ್ದೇಶಕರು ಇನ್ನೇನೋ ಕೇಳಿದರು. ಮಾವ ಮೊದಲ ಬದಿಯನ್ನು ಮತ್ತೆ ಒರೆಸತೊಡಗಿದರು. ಇವರು ಸುಮ್ಮನಿದ್ದುಬಿಟ್ಟರೆ? ಹೆಸರು ಉಳಿಯುತ್ತದೆ, ಕಡೆಯ ಪಾಠವೂ ಆಗುತ್ತದೆ, ಕೆಸರೆಲ್ಲ ಇನ್ನೊಬ್ಬರ ಮೇಲೆ ಬೀಳುತ್ತದೆ.

“ಮಾವ” ಎಂದೆ. “ಅರ್ಧಕ್ಕೆ ನಿಲ್ಲಿಸಬೇಡಿ.”

“ಹೇಳೋದೆಲ್ಲ ಹೇಳಿದೆನಲ್ಲಮ್ಮ.”

“ಹಕ್ಕಿ ಯಾರದು ಅಂತ ಹೇಳಿಲ್ಲ.”

ಮಾವ ಮಸೂರವನ್ನು ಮೇಜಿನ ಮೇಲಿಟ್ಟರು.

“ನಂದು” ಎಂದರು. ಆಮೇಲೆ, ಕೇಳಿಸಲಿಲ್ಲವೇನೋ ಎಂಬಂತೆ ಗಟ್ಟಿಯಾಗಿ, “ನಾನೇ ಸಾಕಿದ್ದು. ನಾನೇ ಬಿಟ್ಟಿದ್ದು. ಮೀಸೆಯವರಿಗೂ ಇದಕ್ಕೂ ಸಂಬಂಧ ಇಲ್ಲ. ಮೂರು ವರ್ಷದ ನಿಯಮ ಮಾಡಿದಾಗ, ಬಯಲು ಸ್ವಲ್ಪ ಕಾಲ ಸುಮ್ಮನೆ ಬಿದ್ದಿರತ್ತೆ, ಹಕ್ಕಿ ಚೇತರಿಸ್ಕೊಳ್ಳತ್ತೆ ಅಂದ್ಕೊಂಡಿದ್ದೆ. ಗೋದಾಮು ಬರತ್ತೆ ಅಂತ ಯೋಚನೆ ಮಾಡಿರ್ಲಿಲ್ಲ. ನಾನೇ ಕಟ್ಟಿದ ಗಂಟು, ಬಿಚ್ಚೋಕೆ ಹೋದೆ.”

ನಾನು ಕೇಳದಿದ್ದರೂ ಹೇಳುತ್ತಿದ್ದರೇ? ಅದು ನನಗೆ ಇವತ್ತಿಗೂ ಗೊತ್ತಿಲ್ಲ. ಅವರನ್ನು ಕೇಳುವ ಧೈರ್ಯವೂ ಬಂದಿಲ್ಲ.

ಮೊದಲು ಮಾತಾಡಿದವರು ಮೀಸೆ ಸಾಹೇಬರೇ. ಬೈಯುತ್ತಾರೆ ಎಂದುಕೊಂಡೆ. “ಡಾಕ್ಟ್ರೇ, ನನ್ನ ನಾಯಿಗೆ ಮೊದಲ ದಿನವೇ ಅನುಮಾನ ಬಂದಿತ್ತು. ಇವು ಹಾರಿ ಹೋಗೋದು ಬಿಟ್ಟು ಹತ್ರ ಬಂದು ನಿಂತ್ಕೋತಿದ್ವು, ಕಾಳು ಹಾಕಿ ಅನ್ನೋ ಹಾಗೆ.”

“ಹಾಗಾದ್ರೆ ನಿಮಗೆ ಗೊತ್ತಿತ್ತು!” ಎಂದೆ.

“ಗೊತ್ತಿತ್ತು ಅಂತಲ್ಲ ಮೇಡಂ. ಕೇಳಬಾರದು ಅಂತ ಗೊತ್ತಿತ್ತು.”

ನಿರ್ದೇಶಕರು ನನ್ನ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. “ಕೆಲವು ಮಾದರಿಗಳು ಕೆಟ್ಟಿದ್ದರಿಂದ ಕೈಬಿಡಲಾಗಿದೆ ಅಂತ ಬರೆದ್ರೆ ಸಾಕಲ್ವಾ? ಅವರ ವಯಸ್ಸು, ಹೆಸರು, ಎಲ್ಲಾ ನೋಡ್ಬೇಕಲ್ಲ.”

ಮಾವನ ಕಿವಿ ಇನ್ನೂ ಚುರುಕಾಗಿದೆ. “ಕೆಟ್ಟಿದ್ದು ಮಾದರಿ ಅಲ್ಲ ಸಾರ್” ಎಂದರು. “ನನ್ನ ಹೆಸರು ಹಾಕು ಕಣಮ್ಮ. ಹಾಕದೇ ಇದ್ರೆ ಮುಂದೆ ಯಾರೋ ಈ ರೆಕ್ಕೆ ನೋಡಿ ಬೇರೆ ಇನ್ನೇನೋ ಕಾರಣ ಹುಡುಕ್ತಾರೆ.”

ಹಾಕುತ್ತೇನೆ ಎಂದೆ.

ಮೇಜಿನ ಮೇಲೆ ಇನ್ನೂ ಬಿಚ್ಚದ ಲಕೋಟೆಗಳ ರಾಶಿ ಇತ್ತು. ಸಾಕಿದವನ್ನೆಲ್ಲ ಸ್ಟೀಲ್ ತಟ್ಟೆಗೆ ತೆಗೆದ ಮೇಲೆ ಬಯಲಿನದೇ ಆದ ಮರಿಗಳು ಎಷ್ಟು ಉಳಿಯುತ್ತವೆ ಎಂಬುದು ಅವುಗಳನ್ನು ನೋಡದೆ ತಿಳಿಯುವಂತಿರಲಿಲ್ಲ. ಯಾರೂ ಕೈ ಹಾಕಲಿಲ್ಲ. ಮಾವ ಕನ್ನಡಕ ಸರಿಮಾಡಿಕೊಂಡರು.

“ಉಳಿದಿದ್ದು ಕೊಡು” ಎಂದರು.

ನಿರ್ದೇಶಕರು ನನ್ನತ್ತ ನೋಡಿದರು. ಪಶುವೈದ್ಯೆ ನೋಡಿದಳು. ಮಾವ ಇನ್ನು ಈ ರೆಕ್ಕೆಗಳನ್ನು ಮುಟ್ಟಬಹುದೋ ಬಾರದೋ ಎಂದು ಹೇಳಬೇಕಾದವಳು ನಾನು. ನಾನು ಕುರ್ಚಿ ಎಳೆದು ಅವರ ಪಕ್ಕದಲ್ಲೇ ಕೂತೆ. ಒಂದು ಕಟ್ಟು ಲಕೋಟೆ ಅವರ ಮುಂದಿಟ್ಟೆ.

ಅವರು ಮೊದಲನೆಯದನ್ನು ಬಿಚ್ಚಿ ರೆಕ್ಕೆ ಬಿಡಿಸಿದರು. ತುದಿ ಗುಂಡಗಿತ್ತು. ಬಿಳಿ ತಟ್ಟೆಗೆ ಇಟ್ಟರು. ಎರಡನೆಯದೂ ಬಿಳಿ ತಟ್ಟೆಗೆ. ಮೂರನೆಯದು ಚೂಪು, ಬೆಳಕಿಗೆ ಹಿಡಿದು, ಗೆರೆ ನೋಡಿ, ತಾವಾಗಿ ಸ್ಟೀಲ್ ತಟ್ಟೆಗೆ ಹಾಕಿದರು. ನೀಲಿ ತಟ್ಟೆ ಬಹಳ ಹೊತ್ತು ಖಾಲಿಯೇ ಇತ್ತು.

ಅವರು ಇಟ್ಟ ಒಂದೊಂದು ರೆಕ್ಕೆಯನ್ನೂ ನಾನು ಹಿಂದೆಯೇ ಎತ್ತಿ ನೋಡುತ್ತಿದ್ದೆ. ಬೇಡವೆಂದರೂ ಕೈ ಕೇಳುತ್ತಿರಲಿಲ್ಲ. ಮಾವ ಅದನ್ನು ಕಂಡರು. ಬಿಳಿ ತಟ್ಟೆಯನ್ನು ಮೇಜಿನ ಮೇಲೆ ಸರಿಸಿ, ನನ್ನ ಕೈಗೆ ಸುಲಭವಾಗಿ ಎಟುಕುವಂತೆ ಇಟ್ಟರು. ಆಮೇಲೆ ಮುಂದಿನ ಲಕೋಟೆ ಬಿಚ್ಚುವ ಮೊದಲು, ನಾನು ನೋಡಿ ಮುಗಿಸುವವರೆಗೆ ಕಾಯತೊಡಗಿದರು.